ಹವ್ಯಾಸಿ ರೇಡಿಯೊ: ದಟ್ಟಣೆಯ ಬ್ಯಾಂಡ್‌ಗಳಲ್ಲಿ ಆವೃತ್ತಿಯ ಆಯ್ಕೆ ಹಾಗೂ ದೂರದ ಸಂಪರ್ಕ

ಹವ್ಯಾಸಿ ರೇಡಿಯೊ ಪರವಾನಗಿಯೊಡನೆ ತಮಗೇ ಮೀಸಲಾದ ಒಂದು ಆವೃತ್ತಿ, ಅಂದರೆ ಫ್ರೀಕ್ವೆನ್ಸಿ, ದೊರೆಯುವುದೆಂದು ಅರ್ಜಿದಾರರು ಭಾವಿಸುವುದುಂಟು. ಆಕಾಶವಾಣಿ ಕೇಂದ್ರಗಳಿಗೂ ಪೊಲೀಸ್ ನಿಸ್ತಂತು ಜಾಲಕ್ಕೂ ಹಾಗೆ ನಿಗದಿಯಾಗಿರುತ್ತದೆ. ಹವ್ಯಾಸಿಗೆ ದೊರೆಯುವುದು ಒಂದು ಕರೆ ಸಂಕೇತ ಹಾಗೂ ಗೊತ್ತುಪಡಿಸಿದ ಬ್ಯಾಂಡ್‌ಗಳನ್ನು ವಿಶ್ವದ ಇತರ ಹವ್ಯಾಸಿಗಳೊಡನೆ ಹಂಚಿಕೊಂಡು ಬಳಸುವ ಅನುಮತಿ ಮಾತ್ರ. ಆವೃತ್ತಿಯನ್ನು ಪ್ರತಿ ಬಾರಿಯೂ ಸ್ವತಃ ಆರಿಸಿಕೊಳ್ಳಬೇಕಾಗುತ್ತದೆ.

ಸ್ಥಳಾವಕಾಶವು ಎಷ್ಟು ಕಿರಿದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 14 ಮೆಗಾಹರ್ಟ್ಸ್ ಬ್ಯಾಂಡ್ 14.000 ರಿಂದ 14.350 ರವರೆಗೆ ವ್ಯಾಪಿಸಿದೆ. ಒಂದು ಧ್ವನಿ ಸಂಭಾಷಣೆಗೆ ಸುಮಾರು 3 ಕಿಲೋಹರ್ಟ್ಸ್ ಅಗಲ ಬೇಕು. ಇಡೀ ಬ್ಯಾಂಡನ್ನು ಧ್ವನಿಗೇ ಬಿಟ್ಟುಕೊಟ್ಟರೂ ಏಕಕಾಲಕ್ಕೆ 116 ಸಂಭಾಷಣೆಗಳಷ್ಟೇ ಅದರಲ್ಲಿ ಹಿಡಿಸುತ್ತವೆ.

ಆದುದರಿಂದ ಮೊದಲು ವೇಳೆಗೆ ತಕ್ಕ ಬ್ಯಾಂಡನ್ನು ಆರಿಸತಕ್ಕದ್ದು. ಹಗಲಿನಲ್ಲಿ ಅಯಾನುಗೋಳದ ಕೆಳಪದರವು ಕಡಿಮೆ ಆವೃತ್ತಿಯ ತರಂಗಗಳನ್ನು ಹೀರಿಕೊಳ್ಳುವುದರಿಂದ 7 ಮೆಗಾಹರ್ಟ್ಸ್ ಬ್ಯಾಂಡ್ ರಾಜ್ಯದೊಳಗಿನ ಮತ್ತು ನೆರೆರಾಜ್ಯಗಳ ಸಂಪರ್ಕಕ್ಕೆ ಯೋಗ್ಯವಾಗಿರುತ್ತದೆ. ಕತ್ತಲಾದ ಮೇಲೆ ಅದೇ ಬ್ಯಾಂಡಿನಲ್ಲಿ ಖಂಡಾಂತರ ಕೇಂದ್ರಗಳು ಕೇಳಿಬರುತ್ತವೆ. 14 ಮೆಗಾಹರ್ಟ್ಸ್‌ನಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಯೂರೋಪಿನ ಸಂಪರ್ಕ ಸಾಧ್ಯ. 21 ಮತ್ತು 28 ಮೆಗಾಹರ್ಟ್ಸ್ ಬ್ಯಾಂಡ್‌ಗಳು ಸುಮಾರು 11 ವರ್ಷಗಳ ಸೌರಚಕ್ರವನ್ನು ಅವಲಂಬಿಸಿವೆ.

ಬ್ಯಾಂಡ್ ತೆರೆದಿದೆಯೇ ಎಂಬುದನ್ನು ಊಹಿಸಬೇಕಾಗಿಲ್ಲ. 14.100, 18.110, 21.150, 24.930 ಮತ್ತು 28.200 ಮೆಗಾಹರ್ಟ್ಸ್‌ಗಳಲ್ಲಿ ಅಂತರರಾಷ್ಟ್ರೀಯ ಸಂಕೇತ ಕೇಂದ್ರಗಳು ಸರದಿಯಂತೆ ತಲಾ 10 ಸೆಕೆಂಡು ಮೋರ್ಸ್ ಸಂಕೇತಗಳನ್ನು ಬಿತ್ತರಿಸುತ್ತವೆ. 18 ಸ್ಥಳಗಳ ಒಂದು ಸುತ್ತಿಗೆ 3 ನಿಮಿಷ. ಪ್ರತಿ ಕೇಂದ್ರವೂ 100 ವ್ಯಾಟ್‌ನಲ್ಲಿ ಕರೆ ಸಂಕೇತ ಕಳುಹಿಸಿ, ಅನಂತರ 100, 10, 1 ಮತ್ತು 0.1 ವ್ಯಾಟ್‌ನ ನಾಲ್ಕು ದೀರ್ಘ ಧ್ವನಿಗಳನ್ನು ನೀಡುತ್ತದೆ. ಫಿನ್‌ಲೆಂಡ್ ಕೇಂದ್ರದ ಮೂರನೆಯ ಧ್ವನಿಯೂ ಕೇಳಿಬಂದರೆ ಆ ದಿಕ್ಕಿಗೆ 1 ವ್ಯಾಟ್ ಸಹ ಸಾಕಾಗಿದೆಯೆಂದು ಅರ್ಥ. ಅಂತಹ ವೇಳೆಯಲ್ಲಿ ಶಕ್ತಿ ಹೆಚ್ಚಿಸುವುದರಿಂದ ಅನ್ಯರಿಗೆ ತೊಂದರೆಯೇ ಹೊರತು ವಿಶೇಷ ಪ್ರಯೋಜನವಿಲ್ಲ. ಈ ಆವೃತ್ತಿಗಳ ಮೇಲೆ ಪ್ರಸಾರ ಮಾಡಬಾರದು. ಎಫ್‌ಟಿ8 ಎಂಬ ಅಂಕೀಯ ವಿಧಾನಕ್ಕೆ ಬಳಕೆಯಲ್ಲಿರುವ 7.074 ಮತ್ತು 14.074 ಮೆಗಾಹರ್ಟ್ಸ್ ಸುತ್ತಲೂ ಧ್ವನಿ ಸಂಭಾಷಣೆ ಸಲ್ಲದು.

ಬ್ಯಾಂಡಿನ ಅಂಚಿನಲ್ಲಿ ವಿಶೇಷ ಎಚ್ಚರ ಅಗತ್ಯ. ಉಪಕರಣದ ಫಲಕ ತೋರಿಸುವ ಸಂಖ್ಯೆಯು ವಾಹಕ ತರಂಗದ್ದು. ಧ್ವನಿ ಅದರ ಒಂದು ಪಕ್ಕದಲ್ಲಿರುತ್ತದೆ. 14 ಮೆಗಾಹರ್ಟ್ಸ್‌ನಲ್ಲಿ ರೂಢಿಯಂತೆ ಮೇಲಿನ ಪಕ್ಕವನ್ನು ಬಳಸುವುದರಿಂದ, ಫಲಕವು 14.349 ತೋರಿಸುತ್ತಿದ್ದರೆ ಧ್ವನಿಯ ಬಹುಭಾಗ ಬ್ಯಾಂಡಿನ ಹೊರಗೆ ಹೋಗಿ ಪರವಾನಗಿ ಉಲ್ಲಂಘನೆಯಾಗುತ್ತದೆ. 14.347 ಕ್ಕಿಂತ ಮೇಲೇರದಿರುವುದು ಕ್ಷೇಮ.

ಆವೃತ್ತಿಯು ಮೌನವಾಗಿದ್ದ ಮಾತ್ರಕ್ಕೆ ಖಾಲಿಯಿದೆಯೆಂದು ತಿಳಿಯಬಾರದು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. 14 ಮೆಗಾಹರ್ಟ್ಸ್ ತರಂಗಗಳು ಅಯಾನುಗೋಳದಿಂದ ಮರಳಿ ಬಹುದೂರದಲ್ಲಿ ಭೂಮಿಯನ್ನು ಮುಟ್ಟುವುದರಿಂದ ಬೆಂಗಳೂರಿನವರಿಗೆ ಜರ್ಮನಿ ಸ್ಪಷ್ಟವಾಗಿ ಕೇಳಿಸಿ, ಮೈಸೂರು ಕೇಳಿಸದಿರಬಹುದು. ಮೈಸೂರಿನವರು ಆಗಲೇ ಅಲ್ಲಿ ಮಾತನಾಡುತ್ತಿರಬಹುದು. ಕೆಲಕಾಲ ಆಲಿಸಿದ ಬಳಿಕ, ಆವೃತ್ತಿ ಬಳಕೆಯಲ್ಲಿದೆಯೇ ಎಂದು ಕರೆ ಸಂಕೇತದೊಡನೆ ಎರಡು ಬಾರಿ ಕೇಳಿ, ಉತ್ತರವಿಲ್ಲದಿದ್ದಲ್ಲಿ ಮಾತ್ರ ಸಾಮಾನ್ಯ ಕರೆಯನ್ನು ಆರಂಭಿಸತಕ್ಕದ್ದು. ಮೋರ್ಸ್‌ನಲ್ಲಿ ಇದಕ್ಕೆ ಕ್ಯೂಆರ್‌ಎಲ್ ಎಂಬ ಸಂಕೇತವಿದೆ.

ಅಪರೂಪದ ದೇಶ ಅಥವಾ ದ್ವೀಪದ ಕೇಂದ್ರವೊಂದನ್ನು ನೂರಾರು ಮಂದಿ ಒಟ್ಟಿಗೆ ಕರೆಯುವಾಗ, ಆ ಕೇಂದ್ರವು ಸಾಮಾನ್ಯವಾಗಿ ಒಂದು ಆವೃತ್ತಿಯಲ್ಲಿ ಮಾತನಾಡಿ, 5 ರಿಂದ 10 ಕಿಲೋಹರ್ಟ್ಸ್ ಮೇಲೆ ಆಲಿಸುತ್ತದೆ. ಅದರ ಆವೃತ್ತಿಯಲ್ಲಿಯೇ ಕೂಗಿದರೆ ಉತ್ತರ ಯಾರಿಗೂ ಕೇಳಿಸದು. ಉತ್ತರ ಪಡೆದ ಹಿಂದಿನ ಕೇಂದ್ರ ಎಲ್ಲಿ ಕರೆದಿತ್ತೆಂಬುದನ್ನು ಪತ್ತೆಹಚ್ಚಿ, ಅದರ ಸಮೀಪದಲ್ಲಿ ಪೂರ್ಣ ಕರೆ ಸಂಕೇತವನ್ನು ಒಮ್ಮೆ ಹೇಳಿ ಸುಮ್ಮನಾಗುವವರಿಗೆ ಅವಕಾಶ ಹೆಚ್ಚು. ಅನ್ಯರನ್ನು ಕರೆದಿರುವಾಗ ನಡುವೆ ಮಾತನಾಡಬಾರದು.

2004ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ತಂಡವು ಅಂಡಮಾನಿನಿಂದ ಇಂತಹ ಸಂಪರ್ಕಗಳನ್ನು ನಡೆಸುತ್ತಿತ್ತು. 26ರಂದು ಸುನಾಮಿ ಅಪ್ಪಳಿಸಿ ದೂರವಾಣಿ ಸಂಪರ್ಕ ಕಡಿದಾಗ ಅದೇ ತಂಡ, ಅದೇ ಉಪಕರಣಗಳಿಂದ ಮುಖ್ಯಭೂಮಿಗೆ ತುರ್ತು ಸಂದೇಶಗಳನ್ನು ರವಾನಿಸಿತು. ಭಾರತವಿರುವ ಅಂತರರಾಷ್ಟ್ರೀಯ ಮೂರನೆಯ ವಲಯದಲ್ಲಿ ತುರ್ತು ಸಂಪರ್ಕದ ಕೇಂದ್ರಬಿಂದುಗಳಾಗಿ 3.600, 7.110, 14.300, 18.160 ಮತ್ತು 21.360 ಮೆಗಾಹರ್ಟ್ಸ್‌ಗಳನ್ನು ಗುರುತಿಸಲಾಗಿದೆ. ಇವುಗಳ ಆಸುಪಾಸಿನಲ್ಲಿ ತುರ್ತು ಸಂದೇಶ ಕೇಳಿಬಂದಲ್ಲಿ ತಮ್ಮ ಪ್ರಸಾರವನ್ನು ಕೂಡಲೇ ನಿಲ್ಲಿಸಿ ಆಲಿಸತಕ್ಕದ್ದು. ನಿಯಂತ್ರಣ ಕೇಂದ್ರವು ನೆರವು ಕೋರಿದಾಗ ಮಾತ್ರ ಉತ್ತರಿಸತಕ್ಕದ್ದು.