ಮಕ್ಕಳ ಕಥಾಪುಸ್ತಕಗಳು: ಕೆಲವು ವಿಚಾರಗಳು

ಮಕ್ಕಳಿಗಾಗಿ ಕಥೆ ಬರೆಯುವುದು ಸುಲಭಸಾಧ್ಯವಾದ ಕೆಲಸವೆಂಬ ಭಾವನೆ ವಿದ್ವಜ್ಜನರಲ್ಲಿಯೂ ಬೇರೂರಿದೆ. ಛಂದಸ್ಸು, ಅಲಂಕಾರ, ವ್ಯಾಕರಣಗಳಲ್ಲಿ ವರ್ಷಗಟ್ಟಲೆ ಪರಿಶ್ರಮಪಟ್ಟ ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆನು. ಎಳೆಯರ ಮುಂದೆ ನಿಂತು ಕಥೆ ಹೇಳತೊಡಗಿದ ಮೇಲೆ ಆ ತಿಳಿವಳಿಕೆ ಸಡಿಲವಾಯಿತು. ದೊಡ್ಡವರು ರುಚಿಸದಿದ್ದರೂ ಸೌಜನ್ಯಕ್ಕಾಗಿ ತಲೆದೂಗುತ್ತಾರೆ. ಮಗು ಕಿಟಕಿಯ ಕಡೆಗೆ ನೋಡುತ್ತದೆ.

ಕನ್ನಡದಲ್ಲಿ ಕಥೆಗೆ ಬಡತನವಿರಲಿಲ್ಲ; ಮಕ್ಕಳು ತಾವೇ ಓದಿಕೊಳ್ಳಬಲ್ಲ ಪುಸ್ತಕಕ್ಕೆ ಇತ್ತು. 11ನೆಯ ಶತಮಾನದಲ್ಲಿ ಚಾಳುಕ್ಯರ ಆಶ್ರಯದಲ್ಲಿದ್ದ ದುರ್ಗಸಿಂಹನು ವಸುಭಾಗಭಟ್ಟನ ಸಂಪ್ರದಾಯವನ್ನನುಸರಿಸಿ ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಅದರ ವಸ್ತು ನರಿ, ಸಿಂಹಗಳ ಕಥೆಯಾದರೂ ರೂಪ ಪ್ರೌಢವಾದ ಚಂಪೂ; ಗುರುಮುಖವಿಲ್ಲದೆ ಅದರೊಳಕ್ಕೆ ಪ್ರವೇಶವಿಲ್ಲ. ಪುಣ್ಯಕೋಟಿಯ ಕಥೆಯಾದರೋ ಪುಸ್ತಕದ ಹಂಗಿಲ್ಲದೆ ತಾಯಂದಿರ ಬಾಯಿಂದ ಮಕ್ಕಳ ಬಾಯಿಗೆ ಬಂದಿತು.

ಈ ಕೊರತೆಯನ್ನು ಮನಗಂಡು ಕಾರ್ಯಪ್ರವೃತ್ತರಾದವರಲ್ಲಿ ಪಂಜೆ ಮಂಗೇಶರಾಯರ (1874–1937) ಹೆಸರು ಪ್ರಾತಃಸ್ಮರಣೀಯ. ಅವರು ಉಪಾಧ್ಯಾಯರಾಗಿ, ಶಾಲಾ ತನಿಖಾಧಿಕಾರಿಗಳಾಗಿ ಮಕ್ಕಳನ್ನು ಹತ್ತಿರದಿಂದ ಬಲ್ಲವರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿ, ಮಕ್ಕಳ ಪುಸ್ತಕಗಳ ಪ್ರಕಟಣೆಗೆ ಕೈಹಾಕಿದರು. ಅವರ ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆಯ ಕಟ್ಟಡವನ್ನು ಪರಿಶೀಲಿಸಬೇಕು. ಒಂದು ಪ್ರಶ್ನೆಗೆ ದೊರೆತ ಉತ್ತರವೇ ಮುಂದಿನ ಪ್ರಶ್ನೆಯಾಗುತ್ತದೆ. ಹೀಗೆ ಸರಪಳಿ ಬೆಳೆಯುತ್ತದೆ. ಅದೇ ವಾಕ್ಯರೂಪ ಮತ್ತೆ ಮತ್ತೆ ಬರುವುದರಿಂದ, ಅಕ್ಷರಗಳನ್ನು ತಡವರಿಸಿ ಓದುವ ಮಗುವಿಗೂ ಮುಂದಿನ ಸಾಲು ಮೊದಲೇ ಹೊಳೆಯುತ್ತದೆ, ‘ನನಗೆ ಓದಲು ಬರುತ್ತದೆ’ ಎಂಬ ಧೈರ್ಯ ಹುಟ್ಟುತ್ತದೆ. (ಸಿಗಡಿಯ ಹೆಸರು ಕೇಳಿ ಮೂಗು ಮುರಿದ ಪೋಷಕರೊಬ್ಬರಿಗೆ, ಆ ಕಥೆಯಲ್ಲಿ ನಮ್ಮ ಮಕ್ಕಳು ಓದುವುದು ಮೀನನ್ನಲ್ಲ, ವಾಕ್ಯವನ್ನು ಎಂದು ನಾನು ಅರಿಕೆ ಮಾಡಿಕೊಳ್ಳಬೇಕಾಯಿತು.) ಪಂಜೆಯವರೇ ತುಳುನಾಡಿನ ಪಾಡ್ದನಗಳ ವೀರರನ್ನು ‘ಕೋಟಿ ಚೆನ್ನಯ’ದಲ್ಲಿ ಕನ್ನಡದ ಓದುಗರಿಗೆ ಪರಿಚಯಿಸಿದರು.

ಅನಂತರದ ಕಾಲದಲ್ಲಿ ಜಿ. ಪಿ. ರಾಜರತ್ನಂ, ಕುವೆಂಪು, ಸಿದ್ಧಯ್ಯ ಪುರಾಣಿಕ ಮೊದಲಾದವರು ಶಿಶುಸಾಹಿತ್ಯವನ್ನು ಸಮೃದ್ಧಗೊಳಿಸಿದರು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಕೊಟ್ಟರು. 1970ರ ದಶಕದಲ್ಲಿ ರಾಷ್ಟ್ರೋತ್ಥಾನದ ‘ಭಾರತ ಭಾರತಿ’ ಮಾಲೆ ಮಹಾಪುರುಷರ ಚರಿತ್ರೆಗಳನ್ನು ಅಂಗೈಯಗಲದ ಪುಸ್ತಕಗಳಲ್ಲಿ ಮನೆಮನೆಗೆ ತಲುಪಿಸಿತು. ಈ ಸಂಚಿಕೆಯ ಓದುಗರಲ್ಲಿ ಅವುಗಳನ್ನು ಓದಿ ಬೆಳೆದವರು ಅನೇಕರಿರಬೇಕು.

ಚರಿತ್ರೆಯ ಪುಸ್ತಕಗಳ ವಿಷಯದಲ್ಲಿ ನನ್ನದೊಂದು ಆಕ್ಷೇಪವಿದೆ. ಮಹಾತ್ಮರು ತೊಟ್ಟಿಲಲ್ಲಿಯೇ ಮಹಾತ್ಮರಾಗಿದ್ದರೆಂಬಂತೆ ಬರೆಯುವ ಪರಿಪಾಠ ನಮ್ಮಲ್ಲಿ ಬಲವಾಗಿದೆ. ಅಂಥ ಪುಸ್ತಕವನ್ನು ಓದಿದ ಮಗು ಕೈಮುಗಿದು ದೂರ ನಿಲ್ಲುತ್ತದೆ. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ಅಣ್ಣನ ಕಡಗದ ಚಿನ್ನದ ಚೂರನ್ನು ಕದ್ದುದನ್ನೂ, ತಪ್ಪನ್ನು ಚೀಟಿಯಲ್ಲಿ ಬರೆದು ರೋಗಶಯ್ಯೆಯಲ್ಲಿದ್ದ ತಂದೆಯ ಕೈಗಿತ್ತುದನ್ನೂ, ತಂದೆ ಕಣ್ಣೀರಿಟ್ಟು ಆ ಚೀಟಿಯನ್ನು ಹರಿದುದನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ತಪ್ಪು ಮಾಡಿ ಹೆದರಿ ಕುಳಿತ ಮಗುವಿಗೆ ಇದಕ್ಕಿಂತ ಹತ್ತಿರದ ಚರಿತ್ರೆ ಯಾವುದು? ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರವನ್ನು ಆರಂಭಿಸಿದಾಗ, ಕನ್ನಡದಲ್ಲಿ ಆ ಗೌರವ ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ಗೆ ಸಂದಿತು. ಪಾಪು ಬಾಪು ‘ಆದ’ ಎಂಬ ಕ್ರಿಯಾಪದದಲ್ಲಿಯೇ ನಾನು ಹೇಳಬಯಸುವುದೆಲ್ಲವೂ ಅಡಕವಾಗಿದೆ.

ಕುಟುಂಬದ ಕಥೆಗಳೆಂದರೆ ಆಜ್ಞಾಪಾಲನೆಯ ಕಥೆಗಳೆಂದೇ ಕೆಲವರ ಎಣಿಕೆ. ಹರಿಹರನ ಕೋಳೂರು ಕೊಡಗೂಸಿನ ರಗಳೆಯನ್ನು ಅವರು ನೆನೆಯಲಿ. ಊರಿಗೆ ಹೋಗುವ ತಂದೆ, ಶಿವನಿಗೆ ನಿತ್ಯವೂ ಹಾಲನ್ನು ಒಯ್ಯೆಂದು ಮಗಳಿಗೆ ಹೇಳುತ್ತಾನೆ. ಶಿವನು ಹಾಲನ್ನು ಕುಡಿಯುವನೆಂದೇ ಹುಡುಗಿ ನಂಬಿದ್ದಾಳೆ. ಅವನು ಕುಡಿಯದಿದ್ದಾಗ ಅಳುತ್ತಾಳೆ, ಹಟ ಹಿಡಿಯುತ್ತಾಳೆ. ಕೊನೆಗೆ ಶಿವನು ಕುಡಿಯುತ್ತಾನೆ. ಹಿಂದಿರುಗಿದ ತಂದೆ ಆಕೆಯ ಮಾತನ್ನು ನಂಬುವುದಿಲ್ಲ, ಗದರಿಸುತ್ತಾನೆ. ಮಗಳು ಲಿಂಗದಲ್ಲಿ ಐಕ್ಯಳಾಗುತ್ತಾಳೆ. ಭಕ್ತಿಯ ಮಹಿಮೆಯನ್ನು ಸಾರುವ ಕಥೆಯೆಂದು ವರ್ಷಾನುವರ್ಷ ಪಾಠ ಹೇಳಿದವನು ನಾನು. ಒಮ್ಮೆ ಐದನೆಯ ತರಗತಿಯ ಬಾಲಿಕೆಯೊಬ್ಬಳು ಎದ್ದುನಿಂತು, ‘ಅಪ್ಪ ಯಾಕ ನಂಬಲಿಲ್ಲ ಗುರುಗಳ? ಆಕಿ ಖರೇನ ಹೇಳಿದ್ಲಲ್ಲ?’ ಎಂದು ಕೇಳಿದಳು. ಭಾಷ್ಯಗಳನ್ನು ಓದಿದ ನನಗೆ ಉತ್ತರ ಹೊಳೆಯಲಿಲ್ಲ. ಸತ್ಯವನ್ನು ಹೇಳಿಯೂ ನಂಬಿಸಲಾರದ ಕಷ್ಟ ಆ ವಯಸ್ಸಿನವರಿಗೆ ದಿನನಿತ್ಯದ್ದು. ಹರಿಹರನಿಗೆ ಅದು ತಿಳಿದಿತ್ತು. ಪಾಠ ಹೇಳಿದವನಿಗೆ ತಿಳಿದಿರಲಿಲ್ಲ.

ಆದುದರಿಂದ ಪುಸ್ತಕಗಳನ್ನು ಆರಿಸುವಾಗ ನಾನು ಈಗ ಅನುಸರಿಸುವ ಕ್ರಮ ಬೇರೆಯಾಗಿದೆ. ಮೊದಲು ಒಂದು ಪುಟವನ್ನು ಗಟ್ಟಿಯಾಗಿ ಓದಿ ನೋಡುತ್ತೇನೆ. ಉಸಿರು ಕಟ್ಟುವಷ್ಟು ಉದ್ದದ ವಾಕ್ಯಗಳೂ, ಸಾಲಿಗೆ ನಾಲ್ಕು ಒತ್ತಕ್ಷರಗಳೂ ಇದ್ದರೆ ಅದು ಎಳೆಯರ ಪುಸ್ತಕವಲ್ಲ. ಕೊನೆಯ ಪುಟದಲ್ಲಿ ನೀತಿಯನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿದ್ದರೆ ಅನುಮಾನಿಸುತ್ತೇನೆ. ಮಕ್ಕಳು ಆ ಸಾಲನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ, ಕಥೆಯನ್ನು ಬಿಟ್ಟುಬಿಡುತ್ತಾರೆ. ಗೆಳೆಯನೊಡನೆ ಮುನಿಸು, ಹೊಸ ಶಾಲೆಯ ಅಂಜಿಕೆ, ಪ್ರಸಾದನಿಲಯದ ಮೊದಲ ರಾತ್ರಿ, ತಂದೆಯ ಸಾಲ, ತೊದಲುವ ಮಾತು ಇವುಗಳನ್ನು ಕುರಿತ ಕಥೆಗಳು ಕನ್ನಡದಲ್ಲಿ ಇನ್ನೂ ಸಾಲದು. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆಯಲ್ಲಿಯೂ, 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಪ್ರಕಟಣೆಗಳಲ್ಲಿಯೂ ಇಂಥವನ್ನು ಹುಡುಕಬಹುದು. ಎರಡನೆಯವರು ಓದುವ ಶಕ್ತಿಗನುಗುಣವಾಗಿ ಪುಸ್ತಕಗಳನ್ನು ಹಂತಹಂತವಾಗಿ ವಿಂಗಡಿಸಿರುವುದು ಉಪಾಧ್ಯಾಯರಿಗೆ ಉಪಕಾರವಾಗಿದೆ. ಅನುವಾದಗಳಲ್ಲಿ ಕೆಲವದರ ಕನ್ನಡ ಬಿಗಿಯಾಗಿದೆ; ಅದನ್ನು ಆಯುವವರು ಗಮನಿಸಬೇಕು.

ದಾನಿಗಳಲ್ಲಿ ಒಂದು ವಿಜ್ಞಾಪನೆಯುಂಟು. ಚಿನ್ನದಕ್ಷರದ ರಟ್ಟಿನ ಬೃಹತ್ ಸಂಪುಟಗಳು ಗ್ರಂಥಭಂಡಾರಕ್ಕೆ ಭೂಷಣವೇ ಸರಿ. ಆದರೆ ಅವುಗಳ ಬೆಲೆಯ ಕಾರಣದಿಂದಲೇ ಕಪಾಟಿಗೆ ಬೀಗ ಬೀಳುತ್ತದೆ. ಅದೇ ಹಣದಲ್ಲಿ ಇಪ್ಪತ್ತು ಪುಟಗಳ ತೆಳು ಪುಸ್ತಕಗಳನ್ನು, ಒಂದೊಂದರ ಹತ್ತು ಪ್ರತಿಗಳಂತೆ ಕೊಡಿಸಿದರೆ, ಒಂದು ಬೆಂಚಿನ ಮಕ್ಕಳೆಲ್ಲರೂ ಒಂದೇ ಕಥೆಯನ್ನು ಓದಿ ಜಗಳವಾಡಬಹುದು. ಹಿಂದೆ ನಾನು ಸೇವೆ ಸಲ್ಲಿಸಿದ ಶಾಲೆಯೊಂದರಲ್ಲಿ ಧೈರ್ಯಮಾಡಿ ಬೀಗವನ್ನು ತೆಗೆದಿರಿಸಿದೆವು. ವರ್ಷಾಂತ್ಯದ ತಪಾಸಣೆಯಲ್ಲಿ ಏಳು ಪುಸ್ತಕಗಳಿಗೆ ರಟ್ಟಿರಲಿಲ್ಲ, ಎರಡು ಸಿಗಲೇ ಇಲ್ಲ. ದಂಡ ಹಾಕಬೇಕೆಂದು ಗುಮಾಸ್ತರು ಪುಸ್ತಕದ ವಹಿಯನ್ನು ತಂದು ಮುಂದಿಟ್ಟರು. ಷರಾ ಅಂಕಣದಲ್ಲಿ ‘ಓದಿ ಹರಿದಿವೆ’ ಎಂದು ಬರೆದು ಸಹಿ ಮಾಡಿದೆನು.