ಕಂಠೀರವದ ಎರಡನೇ ಗೋಲು

ಒಂದು ಕಾಲಕ್ಕೆ ಸಂಪಂಗಿ ಕೆರೆಯ ನೀರು ತುಂಬಿರುತ್ತಿದ್ದ ಜಾಗದಲ್ಲಿ ಈಗಿರುವುದು ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಮೈದಾನದ ಸುತ್ತ ಓಟದ ಟ್ರ್ಯಾಕ್ ಬಳಸಿಕೊಂಡಿರುವುದರಿಂದ ಗ್ಯಾಲರಿಗೂ ಚೆಂಡಿಗೂ ದೂರ ಹೆಚ್ಚು. ಮುಖ ಸರಿಯಾಗಿ ಕಾಣದು. ಓಡುವ ಲಯ ನೋಡಿ, ಬೆನ್ನಿನ ಅಂಕಿ ನೋಡಿ ಆಟಗಾರನ ಗುರುತು ಹಿಡಿಯಬೇಕು. 2004ರ ಡಿಸೆಂಬರ್ 5ರ ಭಾನುವಾರ, ಫೆಡರೇಶನ್ ಕಪ್ ಫೈನಲ್‌ನಲ್ಲಿ ಎಲ್ಲರ ಕಣ್ಣು ನೆಟ್ಟಿದ್ದ ಅಂಕಿ 10. ಗೋವಾದ ಡೆಂಪೊ ತಂಡದ ಆ ಅಂಗಿ ತೊಟ್ಟಿದ್ದವನು ಬ್ರೆಜಿಲ್‌ನ ಕ್ರಿಸ್ತಿಯಾನೊ ಜೂನಿಯರ್, 25ರ ಹರೆಯದವನು.

ಎದುರಾಳಿ ಕೋಲ್ಕತ್ತದ ಮೋಹನ್ ಬಾಗಾನ್. ಹಸಿರು-ಮರೂನ್ ಅಂಗಿಯವರಿಗೆ ಜೂನಿಯರ್ ಹೊಸಬನೇನಲ್ಲ. ಹಿಂದಿನ ಋತುವಿನಲ್ಲಿ ಅವನು ಆಡಿದ್ದು ಬಾಗಾನ್‌ನ ಬದ್ಧ ವೈರಿ ಈಸ್ಟ್ ಬೆಂಗಾಲ್ ಪರವಾಗಿ. ವಿಶ್ವಕಪ್ ಬಂತೆಂದರೆ ಗಲ್ಲಿಗಲ್ಲಿಯ ಗೋಡೆಗೆ ಹಳದಿ ಬಳಿಯುವ ಊರು ಕೋಲ್ಕತ್ತ. ಬ್ರೆಜಿಲ್ ಎಂದರೆ ಅಲ್ಲಿಯವರಿಗೆ ಅರ್ಧ ದೇವರು. ಹಾಗೆಂದು ಬರೀ ದೇಶದ ಹೆಸರು ಹೇಳಿಕೊಂಡು ಅಲ್ಲಿ ಬಾಳಲಾಗದು, ಗೋಲು ಹೊಡೆಯಬೇಕು. ಜೂನಿಯರ್ 15 ಹೊಡೆದ. 2003–04ರ ರಾಷ್ಟ್ರೀಯ ಲೀಗ್‌ನಲ್ಲಿ ಅತಿ ಹೆಚ್ಚು ಗೋಲು ಅವನದೇ, ಪ್ರಶಸ್ತಿ ಈಸ್ಟ್ ಬೆಂಗಾಲ್‌ನದು. ಮುಂದಿನ ಋತುವಿಗೆ ಡೆಂಪೊ ಅವನನ್ನು ಪಣಜಿಗೆ ಕರೆದೊಯ್ದಿತು.

ಆ ಸಂಜೆ ಡೆಂಪೊ ಆಗಲೇ ಒಂದು ಗೋಲಿನಿಂದ ಮುಂದಿತ್ತು. ಅದೂ ಜೂನಿಯರ್‌ನದೇ. 78ನೇ ನಿಮಿಷ. ಚೆಂಡಿನೊಂದಿಗೆ ಅವನು ಗೋಲಿನತ್ತ ನುಗ್ಗಿದ. ಬಾಗಾನ್ ಗೋಲ್‌ಕೀಪರ್ ಸುಬ್ರತ ಪಾಲ್ ಎದುರುಗೊಂಡು ಮುಂದೆ ಬಂದ. ಜೂನಿಯರ್‌ನ ಕಾಲಿನಿಂದ ಚೆಂಡು ಬಲೆಯತ್ತ ಹೊರಟಿತು, ಇಬ್ಬರ ಮೈ ಡಿಕ್ಕಿಯಾಯಿತು. ಗೋಲಾಯಿತು. ಹೊಡೆದವನು ಬಿದ್ದಲ್ಲಿಯೇ ಇದ್ದ. ಸಂಗಡಿಗರು ಸುತ್ತ ನೆರೆದರು. ಆಸ್ಪತ್ರೆಗೆ ಒಯ್ದಾಗ ವೈದ್ಯರು ಹೇಳಿದ್ದು ಜೀವ ಹೋಗಿದೆ ಎಂದು.

ನಿಂತದ್ದು ಅವನ ಹೃದಯ. ಹೀಗೆ ಹೃದಯ ನಿಂತಾಗ ವಿದ್ಯುತ್ ಆಘಾತ ಕೊಡುವ ಯಂತ್ರ ತಡವಾದಷ್ಟೂ, ನಿಮಿಷ ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ. ಫೈನಲ್‌ಗೆ ಕಪ್ ಹೊಳೆಯುತ್ತಿರಬೇಕು, ಗಣ್ಯರಿಗೆ ಕುರ್ಚಿ ಬೇಕು, ಹಾರ ಬೇಕು. ಇವೆಲ್ಲಕ್ಕೂ ಮೊದಲು ಗೆರೆಯ ಪಕ್ಕದಲ್ಲಿ ಆ ಯಂತ್ರವೂ ಅದನ್ನು ಬಳಸಬಲ್ಲ ಕೈಗಳೂ ಸಿದ್ಧವಿರಬೇಕು. ಮೈದಾನದ ವೈದ್ಯಕೀಯ ವ್ಯವಸ್ಥೆಯ ಬಗ್ಗೆ ಆಮೇಲೆ ಟೀಕೆ ಎದ್ದಿತು. ಏಳಲೇಬೇಕಿತ್ತು.

ಆದರೆ ಸಿಟ್ಟೆಲ್ಲ ಸುಲಭವಾಗಿ ಹರಿದದ್ದು ಒಬ್ಬ ಹುಡುಗನ ಮೇಲೆ. ಸುಬ್ರತನಿಗೆ ಆಗಿನ್ನೂ 18 ತುಂಬಿರಲಿಲ್ಲ. ಭಾರತೀಯ ಫುಟ್‌ಬಾಲ್ ಒಕ್ಕೂಟ ಅವನನ್ನು ಕೆಲಕಾಲ ಅಮಾನತಿನಲ್ಲಿಟ್ಟಿತು. ಒಂಟಿಯಾಗಿ ನುಗ್ಗುವ ಫಾರ್ವರ್ಡ್‌ಗೆ ಎದುರಾಗಿ ಹೊರಬರುವುದು ಗೋಲ್‌ಕೀಪರ್‌ನ ಕಸುಬು. ಹಾಗೆ ಬರಲು ಅವನು ಆಮೇಲೆ ಹೆದರಿಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಹೆದರಲಿಲ್ಲ. 2011ರ ಏಷ್ಯಾ ಕಪ್‌ನಲ್ಲಿ ದಕ್ಷಿಣ ಕೊರಿಯಾದ ದಾಳಿಗೆ ಎದೆಯೊಡ್ಡಿ ನಿಂತು ‘ಸ್ಪೈಡರ್‌ಮ್ಯಾನ್’ ಎನ್ನಿಸಿಕೊಂಡ.

ಫೆಡರೇಶನ್ ಕಪ್ 2–0ಯಿಂದ ಡೆಂಪೊ ಪಾಲಾಯಿತು. ಕ್ಲಬ್ 10ನೇ ಅಂಗಿಯನ್ನು ಯಾರಿಗೂ ಕೊಡದಿರಲು ನಿರ್ಧರಿಸಿತು. ಜೂನಿಯರ್ ಇಲ್ಲದೆಯೇ, ಆ ಋತುವಿನ ರಾಷ್ಟ್ರೀಯ ಲೀಗನ್ನೂ ಗೋವಾಕ್ಕೆ ತಂದಿತು.