ಖಲಸಿಯ ಜೇನು

ಗಂಗಾ ಬ್ರಹ್ಮಪುತ್ರಾ ನದಿಗಳು ವಂಗೋಪಸಾಗರವನ್ನು ಸೇರುವ ಮುನ್ನ ನೂರಾರು ಕವಲುಗಳಾಗಿ ಹರಡಿ, ಹೊತ್ತು ತಂದ ಮೆಕ್ಕಲನ್ನೆಲ್ಲ ಸುರಿದು ನಿರ್ಮಿಸಿರುವ ಸುಂದರಬನದಲ್ಲಿ, ದಿನಕ್ಕೆರಡು ಬಾರಿ ಕಡಲಿನ ಉಬ್ಬರ ಬಂದು ಮರಗಳ ಬುಡವನ್ನು ತೋಯಿಸಿ ಹೋಗುವ ಕೆಸರಿನ ಅಂಚಿನಲ್ಲಿ, ಖಲಸಿ ಎಂಬ ಕುಳ್ಳು ಗಿಡವೊಂದು ಬೆಳೆಯುತ್ತದೆ. ಈಜಿಸೆರಾಸ್ ಕಾರ್ನಿಕ್ಯುಲೇಟಮ್ ಎಂಬುದು ಅದರ ಶಾಸ್ತ್ರೀಯ ನಾಮ. ನಮ್ಮ ಕರಾವಳಿಯ ಅಳಿವೆಗಳ ಕಾಂಡ್ಲ ವನಗಳಲ್ಲಿಯೂ ಅದು ಉಂಟು. ಚೈತ್ರದ ಹೊತ್ತಿಗೆ ಅದರಲ್ಲಿ ಸುವಾಸನೆಯ ಸಣ್ಣ ಬಿಳಿ ಹೂಗಳು ಗೊಂಚಲುಗೊಂಚಲಾಗಿ ಅರಳುತ್ತವೆ. ಅವುಗಳಿಂದಾದ ತಿಳಿಬಣ್ಣದ ಜೇನು ವಂಗದೇಶದಲ್ಲಿ ಬಹು ಮಾನ್ಯವಾದುದು. ಹೂವಿನ ಕಾಲ ಮಾತ್ರ ಅಲ್ಪ. ಗರಾನ್, ಕೇವ್ರಾ ಮರಗಳು ಹೂತೊಡನೆ ಅವುಗಳ ಜೇನೂ ಬೆರೆತು, ಶುದ್ಧ ಖಲಸಿ ದುರ್ಲಭವಾಗುತ್ತದೆ.

ಲವಣದ ಕೆಸರಿನಲ್ಲಿ ನಿಂತ ಗಿಡ ಸಿಹಿಯನ್ನು ಸ್ರವಿಸುವುದೆಂತು? ನೀರಿನೊಡನೆ ಬರುವ ಉಪ್ಪಿನ ಬಹುಭಾಗವನ್ನು ಬೇರುಗಳೇ ಹೊರಗೆ ತಡೆಯುತ್ತವೆ. ಅದನ್ನೂ ಮೀರಿ ಒಳಹೊಕ್ಕುದನ್ನು ಎಲೆಗಳ ಮೇಲಿನ ಸೂಕ್ಷ್ಮ ಗ್ರಂಥಿಗಳು ಹೊರಚೆಲ್ಲುತ್ತವೆ. ಬಿಸಿಲೇರಿದ ಮೇಲೆ ಒಂದು ಎಲೆಯನ್ನು ಹತ್ತಿರದಿಂದ ನೋಡಿದರೆ ಅದರ ಮೈಮೇಲೆ ಬಿಳಿಯ ಹರಳುಗಳು ಮಿನುಗುತ್ತಿರುತ್ತವೆ. ನಾಲಗೆಗೆ ತಾಗಿಸಿದರೆ ಉಪ್ಪು. ಮಕರಂದವಾದರೋ ಬೇರಿನಿಂದೇರುವ ನೀರು ನೇರವಾಗಿ ಒಸರಿದುದಲ್ಲ. ಎಲೆಗಳು ಸೂರ್ಯಪ್ರಕಾಶದಲ್ಲಿ ಸಿದ್ಧಪಡಿಸಿದ ಸಕ್ಕರೆಯನ್ನು ಸಾಗಿಸುವ ಬೇರೆಯೇ ನಾಳಗಳ ಮೂಲಕ ಅದು ಹೂವನ್ನು ಸೇರುತ್ತದೆ. ಅದೇ ಎಲೆ ಹೊರಗೆ ಉಪ್ಪನ್ನು ಕಳೆಯುತ್ತ ಒಳಗೆ ಸಕ್ಕರೆಯನ್ನು ಕಟ್ಟುತ್ತಿರುವ ಈ ವ್ಯವಸ್ಥೆ ನನಗೆ ಎಷ್ಟು ಸಲ ನೆನೆದರೂ ವಿಸ್ಮಯವೇ.

ಮಕರಂದವನ್ನರಸಿ ಬರುವುದು ನಮ್ಮ ಮಲೆನಾಡಿಗೂ ಚಿರಪರಿಚಿತವಾದ ಹೆಜ್ಜೇನು. ಪೊಟರೆಯೊಳಗೆ ಸಾಲುಸಾಲಾಗಿ ಎರಿ ಕಟ್ಟುವ ತುಡುವೆಯಂತಲ್ಲದೆ, ಅದು ಬಯಲಿನಲ್ಲಿ ಕೊಂಬೆಯಡಿಗೆ ಒಂದೇ ದೊಡ್ಡ ಎರಿಯನ್ನು ಇಳಿಬಿಡುತ್ತದೆ: ಕೊಂಬೆಗಂಟಿದ ದಪ್ಪ ಭಾಗದಲ್ಲಿ ಜೇನು, ಕೆಳಗೆ ಮರಿಗಳು, ಎಲ್ಲಕ್ಕೂ ಹೊದಿಕೆಯಾಗಿ ಸಹಸ್ರಾರು ಹುಳುಗಳು. ಮೌಲೆಗಳೆಂಬ ಜೇನು ಕೀಳುವವರು, ಹುಲಿಯ ಭಯವನ್ನು ಬಲ್ಲವರಾಗಿಯೂ ವನದೇವತೆಯಾದ ಬನಬೀಬಿಗೆ ಕೈಮುಗಿದು ಕಾಡು ಹೊಕ್ಕು, ಹೆಂತಾಲದ ಗರಿಗಳ ಸೂಡಿಯಿಂದ ಹೊಗೆ ಹಾಕಿ ಹುಳುಗಳನ್ನು ಸರಿಸಿ, ಜೇನಿನ ಭಾಗವನ್ನಷ್ಟೇ ಕೊಯ್ದು ಮರಿಗಳನ್ನು ಉಳಿಸಿ ಬಂದರೆ, ಹುಳುಗಳು ಅದೇ ಎರಿಯನ್ನು ಮತ್ತೆ ತುಂಬುತ್ತವೆ.

ಬಾಯಿಂದ ಬಾಯಿಗೆ ದಾಟಿಸಿ, ರೆಕ್ಕೆ ಬೀಸಿ, ಹುಳುಗಳು ಮಕರಂದದ ನೀರನ್ನು ಆರಿಸಬೇಕಷ್ಟೆ. ಗಾಳಿಯೇ ತೇವದಿಂದ ತುಂಬಿರುವಲ್ಲಿ ಆ ಶ್ರಮಕ್ಕೆ ಒಂದು ಮಿತಿಯುಂಟು. ಆದುದರಿಂದ ಈ ಜೇನು ಸ್ವಭಾವತಃ ತೆಳ್ಳಗೆ. ಸೀಸೆಯನ್ನು ಕುಲುಕಿದರೆ ನೊರೆಯೇಳುತ್ತದೆ, ಬಹುಕಾಲ ಇಟ್ಟರೆ ಹುಳಿಯುವುದೂ ಉಂಟು. ಗಟ್ಟಿಯಾದುದೇ ಅಪ್ಪಟವೆಂದು ನಂಬಿದ ಪಟ್ಟಣದ ಗಿರಾಕಿ, ನೀರು ಬೆರೆಸಿದ್ದಾರೆಂದು ಶಂಕಿಸಿ ಇದನ್ನು ತಿರಸ್ಕರಿಸುವುದು ಅನ್ಯಾಯ. 2024ರಲ್ಲಿ ಭಾರತದ ಸುಂದರಬನದ ಜೇನಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರಕಿದೆ. ಕೊಳ್ಳುವವರು ತೆಳ್ಳಗಿರುವುದು ಅದರ ದೋಷವಲ್ಲವೆಂಬುದನ್ನೂ ಅರಿತರೆ, ಮೌಲೆಗೆ ತಕ್ಕ ಬೆಲೆ ಸಿಕ್ಕೀತು.